ಮ್ಯಾಡ್‌ವಿಲನಿ ಕೇಳೋದು ಹೆಂಗೆ? ಹಾಡು ಹಿಡಿಯೋಷ್ಟರಲ್ಲಿ ಮುಗಿದೇ ಹೋಗಿರುತ್ತೆ

ತಿರುಗುಮಣೆ:
ರ್ಯಾಪರ್ ಎಂಎಫ್ ಡೂಮ್ ಮತ್ತು ಬೀಟು ಕಟ್ಟೋ ಮ್ಯಾಡ್‌ಲಿಬ್ ಸೇರಿ ಮಾಡಿದ 2004ರ ಹಿಪ್‌ಹಾಪ್ ಆಲ್ಬಂ. 46 ನಿಮಿಷದಲ್ಲಿ 22 ಹಾಡು. ಪಲ್ಲವಿ ಅನ್ನೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಡುವೆ ಯಾವುದೋ ಕಪ್ಪು-ಬಿಳುಪು ಸಿನಿಮಾದ ಮಾತು, ಇನ್ನೆಲ್ಲೋ ಚಿಕ್ಕಮಕ್ಕಳ ಥರ ಕೀರಲು ದನಿ, ಒಂದು ಕಡೆ ಡೂಮ್ ಬೇಕಂತಲೇ ಶ್ರುತಿ ತಪ್ಪಿಸಿ ಹಾಡ್ತಾನೆ. ಹಿಪ್‌ಹಾಪ್ ಗೊತ್ತಿರೋರೆಲ್ಲ ಇದನ್ನ ತಲೆ ಮೇಲೆ ಹೊತ್ಕೊಂಡು ಮೆರೆಸ್ತಾರೆ. ಬೇರೆ ರ್ಯಾಪ್ ಆಲ್ಬಂ ಕೇಳೋ ಅಭ್ಯಾಸ ಇರೋ ಕಿವಿಗೂ ಇದು ಗೋಜಲು ಅನ್ನಿಸುತ್ತೆ. ಎಲ್ಲಿಂದ ಶುರು ಮಾಡಬೇಕು, ಏನನ್ನ ಹಿಡ್ಕೊಂಡು ಕೇಳಬೇಕು? "ಫೀಲ್ ಮಾಡು ಗುರು" ಅನ್ನೋ ಉತ್ತರ ಬೇಡ.

ಚುರುಮುರಿ:
ಫೀಲ್ ಮಾಡು ಗುರು

ಸೂಜಿಮುಳ್ಳು:
ಮೊದಲು ಫೋನಿನ ಸೆಟ್ಟಿಂಗ್ ನೋಡಿ. ಅರ್ಧ ಗೋಜಲು ಅಲ್ಲೇ ಹುಟ್ಟೋದು. ಶಫಲ್ ಆಫ್. ಕ್ರಾಸ್‌ಫೇಡ್ (ಒಂದು ಹಾಡು ಕರಗುತ್ತಾ ಮುಂದಿನದು ಅದರ ಮೇಲೇ ಶುರುವಾಗೋದು) ಸೊನ್ನೆ. ಹಾಡುಗಳ ನಡುವೆ ಖಾಲಿ ಬಿಡದ ಗ್ಯಾಪ್‌ಲೆಸ್ ಅನ್ನೋ ಆಯ್ಕೆ ಇದ್ದರೆ ಆನ್. ಈ ಆಲ್ಬಮ್ಮಿನಲ್ಲಿ ಒಂದು ಹಾಡಿನ ಬಾಲಕ್ಕೆ ಮುಂದಿನ ಹಾಡಿನ ತಲೆ ಅಂಟಿಕೊಂಡೇ ಬರುತ್ತೆ. ಕ್ರಾಸ್‌ಫೇಡ್ 5 ಸೆಕೆಂಡ್ ಇಟ್ಟರೆ ಎರಡು ನಿಮಿಷದ ಹಾಡಿನಲ್ಲಿ ಎರಡೂ ತುದಿ ಸೇರಿ 10 ಸೆಕೆಂಡ್ ಕಲಸಿಹೋಗುತ್ತೆ, ಯಾವುದು ಎಲ್ಲಿ ಮುಗೀತು ಅಂತ ದೇವರಿಗೂ ಗೊತ್ತಾಗಲ್ಲ.

ಎರಡನೇದು ಬಾಸ್ ಬೂಸ್ಟ್. ತೆಗೆದುಬಿಡಿ. ಬೀಟುಗಳು ಮೊದಲೇ ಒತ್ತಿ ಒತ್ತಿ ದಪ್ಪ ಮಾಡಿದಂಥವು, ಡೂಮ್ ದನಿಯೂ ಕೆಳಗಿನ ಸ್ಥಾಯಿಯದ್ದೇ. ಬಾಸ್ ಏರಿಸಿದರೆ ಬೀಟು ದನಿಯನ್ನ ನುಂಗುತ್ತೆ. ಈಕ್ವಲೈಜರ್ ಮುಟ್ಟಲೇಬೇಕು ಅಂದ್ರೆ 2ರಿಂದ 4 ಕಿಲೋಹರ್ಟ್ಸ್ ನಡುವೆ 2 ಡೆಸಿಬೆಲ್ ಏರಿಸಿ, ವ್ಯಂಜನಗಳು ಬಿಡಿಬಿಡಿಯಾಗಿ ಕೇಳಿಸ್ತವೆ. ಫೋನಿನ ಸ್ಪೀಕರ್ ಮಾತ್ರ ಬೇಡವೇ ಬೇಡ. 200 ಹರ್ಟ್ಸ್‌ನಿಂದ ಕೆಳಗೆ ಅದರಲ್ಲಿ ಹೇಳಿಕೊಳ್ಳೋವಂಥದ್ದೇನೂ ಬರಲ್ಲ, ಮೀಟ್ ಗ್ರೈಂಡರ್ ಹಾಡಿನ ಬಾಸ್ ಪೂರ್ತಿ ಮಾಯ.

ಶುರು ಮಾಡೋದು 20ನೇ ಹಾಡಿನಿಂದ, ಆಲ್ ಕ್ಯಾಪ್ಸ್. ಸ್ನೇರ್ (ಚಟ್ ಅನ್ನೋ ಡ್ರಮ್ ಪೆಟ್ಟು) ಸ್ಪಷ್ಟ, ಎರಡು ನಿಮಿಷ ಚಿಲ್ಲರೆ. ಆಮೇಲೆ ಫಿಗರೊ, ಆಮೇಲೆ ಮೀಟ್ ಗ್ರೈಂಡರ್. ಈ ಮೂರು ಕಿವಿಗೆ ಕೂತ ಮೇಲೆ ಒಂದರಿಂದ 22ರವರೆಗೆ ಒಂದೇ ಓಟದಲ್ಲಿ ಕೇಳಿ.

ಬೇಸತ್ತವ:
ಒಂದು ಆಲ್ಬಂ ಕೇಳೋಕೆ ಇಷ್ಟೆಲ್ಲ ತಯಾರಿ ಬೇಕು ಅಂದ್ರೆ ಆಲ್ಬಮ್ಮೇ ಸರಿಯಿಲ್ಲ ಅಂತ ಅರ್ಥ.

ಸೂಜಿಮುಳ್ಳು:
@ಬೇಸತ್ತವ ಶಫಲ್ ಆಫ್ ಮಾಡೋದು ತಯಾರಿನಾ?

ಹುಬ್ಬಳ್ಳಿ_ಬೀಟ್:
ಅಕಾರ್ಡಿಯನ್ ಹಾಡಿಂದ ಶುರು ಮಾಡ್ಬ್ಯಾಡ್ರಿ ಮತ್ತ. ಎಲ್ಲಾರೂ ಅದನ್ನ ಹೇಳ್ತಾರ, ಯಾಕಂದ್ರ ಅದು ಫೇಮಸ್. ಆದ್ರ ಅದರಾಗ ತಾಳ ಗಟ್ಟಿ ಇಲ್ಲ, ಡೇಡಲಸ್ ಅನ್ನಾಂವಂದು ಒಂದು ತುಣುಕು ತಗೊಂಡು ಸುತ್ತಿಗೋಂತ ಹೊಂಟಾರ. ಆ ಅಕಾರ್ಡಿಯನ್ ಉಸಿರಾಡಿದಂಗ ಹಿಗ್ಗತದ, ಕುಗ್ಗತದ. ಹೊಸಬರು ಒಂದು-ಎರಡು-ಮೂರು-ನಾಕು ಎಣಿಸಾಕ ಹೋದ್ರ ಎಲ್ಲಿ ಐತಿ ಅಂತನ ತಿಳಿಯೂದಿಲ್ಲ. ಡೂಮ್ ಬ್ಯಾರೆ ಎಳದೆಳದು ಹೇಳ್ತಾನ.

ಲಯಭಂಗ:
ಎಣಿಸೋ ಕ್ರಮ ಹೇಳ್ತೀನಿ. ಹಿಪ್‌ಹಾಪ್‌ನಲ್ಲಿ ಸ್ನೇರ್ ಬೀಳೋದು 2 ಮತ್ತು 4ರ ಮೇಲೆ. ಕೈಯಲ್ಲಿ ಆ ಎರಡನ್ನ ಮಾತ್ರ ತಟ್ಟಿ. ಈಗ ಪದಗಳನ್ನ ಬಿಟ್ಟು ಪ್ರಾಸ ಎಲ್ಲಿ ಬೀಳುತ್ತೆ ಅಂತಷ್ಟೇ ಗಮನಿಸಿ. ಸಾಮಾನ್ಯ ರ್ಯಾಪರ್‌ಗಳು ಪ್ರಾಸವನ್ನ 4ರ ಮೇಲೆ ತಂದು ಕೂರಿಸ್ತಾರೆ, ಸಾಲು ಅಲ್ಲಿಗೆ ಮುಗಿಯುತ್ತೆ. ಡೂಮ್ ಸಾಲು ಬಾರ್ (ನಾಲ್ಕು ಎಣಿಕೆಯ ಒಂದು ಸುತ್ತು) ದಾಟಿ ಮುಂದಿನದಕ್ಕೆ ನುಗ್ಗುತ್ತೆ. ಒಂದು ಪ್ರಾಸ 4ರ ಮೇಲೆ, ಅದರ ಜೋಡಿ ಮುಂದಿನ ಬಾರಿನ ನಟ್ಟನಡುವೆ, ಮೂರನೇದು ಸ್ನೇರ್ ಆದ ಮೇಲೆ ಚೂರು ತಡವಾಗಿ. ವಾಕ್ಯ ಮುಗಿದ ಕಡೆ ಪ್ರಾಸ ಇರಲ್ಲ, ಪ್ರಾಸ ಬಿದ್ದ ಕಡೆ ವಾಕ್ಯ ಮುಗಿದಿರಲ್ಲ. ಗೊಂದಲ ಅನ್ನಿಸೋಕೆ ದೊಡ್ಡ ಕಾರಣ ಇದೇ.

ನಮ್ಮ ಕರ್ನಾಟಕ ಸಂಗೀತದಲ್ಲಿ ಎಡುಪು ಅಂತೀವಲ್ಲ, ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳೋದು ಅನಾಗತ, ಮೊದಲೇ ಎತ್ತಿದರೆ ಅತೀತ. ಈ ಮನುಷ್ಯ ಎರಡನ್ನೂ ಒಂದೇ ಹಾಡಲ್ಲಿ ಬೆರೆಸ್ತಾನೆ.

ಕುಡ್ಲ_ಕಾಫಿ:
ಎಡುಪೆಲ್ಲ ತರುವುದು ಸ್ವಲ್ಪ ಜಾಸ್ತಿ ಆಯಿತು ಮಾರಾಯ್ರೆ. ಅಲ್ಲಿ ಕೃತಿಗೆ ಎಡುಪು ಒಮ್ಮೆ ನಿಂತರೆ ನಿಂತ ಹಾಗೆ, ಮೃದಂಗದವರಿಗೂ ಗೊತ್ತಿರ್ತದೆ. ಇವನದ್ದು ಮಾತಿನ ಓಘ. ಸಾಲಿನಿಂದ ಸಾಲಿಗೆ ಜಾಗ ಬದಲು.

ಲಯಭಂಗ:
ಜಾಗ ಬದಲಾದರೂ ಬಿದ್ದ ಜಾಗ ಕರಾರುವಾಕ್ಕು. ಆ 'ಕುಡಿದು ಮಾತಾಡ್ತಿದ್ದಾನೆ' ಅನ್ನಿಸೋ ದನಿ ನಂಬಿ ಮೋಸಹೋಗಬೇಡಿ ಅಂತಷ್ಟೇ ಹೇಳಿದ್ದು.

ಪ್ರಾಸಪ್ರಿಯೆ:
ಪ್ರಾಸದ ವಿಷಯ ಬಂತಲ್ಲ, ಇಲ್ಲೇ ಇರೋದು ಈ ಆಲ್ಬಮ್ಮಿನ ಜೀವ. ಡೂಮ್ ಕೊನೆಯ ಅಕ್ಷರ ಒಂದನ್ನೇ ಹೊಂದಿಸಿ ಸುಮ್ಮನಾಗಲ್ಲ. ನಾಲ್ಕು-ಐದು ಅಕ್ಷರದ ಒಂದು ಸ್ವರಗಳ ಸರಣಿ ಹಿಡಿದು, ಅದೇ ಸರಣಿಯನ್ನ ಎಂಟು-ಹತ್ತು ಸಾಲು ಎಳೀತಾನೆ. ಅವನ ಸಾಲು ಇಲ್ಲಿ ಬರೆಯೋದು ಬೇಡ, ಕನ್ನಡದಲ್ಲೇ ಕಟ್ಟಿ ತೋರಿಸ್ತೀನಿ:

ಕಟ್ಟಿದ ಮಾಲೆ
ತಟ್ಟಿದ ಬಾಲೆ
ಹಟ್ಟಿಯ ಶಾಲೆ

ಅರ್ಥ ಏನೂ ಇಲ್ಲ, ನೋಡಬೇಕಾದ್ದು ಹೊಂದಾಣಿಕೆ. ಬರೀ "ಲೆ" ಹೊಂದಿಲ್ಲ, ಐದಕ್ಕೈದು ಅಕ್ಷರದ ಅಚ್ಚು ಒಂದೇ. ಈಗ ಈ ಮೂರನ್ನ ಒಂದರ ಕೆಳಗೊಂದು ಇಡದೆ, ಮೊದಲನೇದನ್ನ ಸಾಲಿನ ಕೊನೆಗೆ, ಎರಡನೇದನ್ನ ಮುಂದಿನ ಸಾಲಿನ ನಡುವೆ, ಮೂರನೇದನ್ನ ಅದರ ಮುಂದಿನ ಸಾಲಿನ ಶುರುವಿಗೆ ಹಾಕಿ ಓದಿ. ಡೂಮ್ ಮಾಡೋದು ಅದನ್ನೇ. ಹಾಗಾಗಿ ಸಾಲಿನ ತುದಿಗೆ ಕಿವಿ ಕೊಟ್ಟು ಕಾಯೋರಿಗೆ ಅಲ್ಲೇನೂ ಸಿಗಲ್ಲ.

ಹುಬ್ಬಳ್ಳಿ_ಬೀಟ್:
ಅಕ್ಕಾರ, ಮೂರರಾಗೂ ಎರಡನೇ ಅಕ್ಷರ ಟ್ಟ ಬಂದದ. ಅಂದ್ರ ಆದಿಪ್ರಾಸಾನೂ ಆತು. ನಮ್ಮ ಹಳೇ ಕವಿಗಳು ಸಾವಿರ ವರ್ಷದ ಹಿಂದನ ಮಾಡ್ಯಾರ ಹಂಗಾರ.

ಪ್ರಾಸಪ್ರಿಯೆ:
ಟ್ಟ ಬೇಕಂತಲೇ ಹಾಕಿದ್ದು. ಆದರೆ ಆದಿಪ್ರಾಸದ ನಿಯಮ ಬೇರೆ. ಅದು ಪ್ರತಿ ಪಾದದ ಎರಡನೇ ಅಕ್ಷರದ ವ್ಯಂಜನವನ್ನ ಕಟ್ಟುತ್ತೆ, ಸ್ವರ ಬದಲಾದರೂ ನಡೆಯುತ್ತೆ, ಜಾಗ ಮಾತ್ರ ಬದಲಾಗೋ ಹಾಗಿಲ್ಲ. ಡೂಮ್‌ದು ತಿರುಗಾಮುರುಗಾ: ಸ್ವರ ಗಟ್ಟಿ, ವ್ಯಂಜನ ಸಡಿಲ, ಜಾಗಕ್ಕೆ ಲಂಗುಲಗಾಮಿಲ್ಲ.

ತಿರುಗುಮಣೆ:
ಇದು ಉಪಯೋಗಕ್ಕೆ ಬಂತು. ಲಿರಿಕ್ಸ್ ಮುಂದಿಟ್ಕೊಂಡು ಕೇಳಬೇಕಾ ಹಾಗಾದ್ರೆ?

ಪ್ರಾಸಪ್ರಿಯೆ:
ಕೇಳ್ತಾ ಓದಬೇಡಿ. ಅವನು ಹೇಳೋ ವೇಗಕ್ಕೆ ಕಣ್ಣು ಹಿಂದೆ ಬೀಳುತ್ತೆ, ಎರಡು ಸಾಲು ತಪ್ಪಿದರೆ ಹುಡುಕಾಡೋದೇ ಕೆಲಸ ಆಗುತ್ತೆ, ಬೀಟು ಕಿವಿಗೇ ಬೀಳಲ್ಲ. ಒಂದು ಸಲ ಬರೀ ಕೇಳಿ. ಆಮೇಲೆ ಹಾಡು ನಿಲ್ಲಿಸಿ ಜೀನಿಯಸ್ ತಾಣದಲ್ಲಿ ಆ ಹಾಡಿನ ಸಾಹಿತ್ಯ, ಟಿಪ್ಪಣಿ ಓದಿ. ಟಿಪ್ಪಣಿಗಳನ್ನ ಬರೆಯೋದು ಅಭಿಮಾನಿಗಳೇ, ಕೆಲವು ತೀರಾ ಎಳೆದು ತಂದ ಅರ್ಥ, ಪೂರ್ತಿ ನಂಬದೆ ಓದಿ. ಓದಿದ್ದಾದ ಮೇಲೆ ಪುಸ್ತಕ ಮುಚ್ಚಿದ ಹಾಗೆ ಮುಚ್ಚಿ ಮತ್ತೆ ಕೇಳಿ. ಒಂದು ಕೂತಿಗೆ ಎರಡು ಹಾಡು ಸಾಕು. ಅಮೆರಿಕದ ಹಳೇ ಟಿವಿ ಕಾರ್ಯಕ್ರಮ, ಕಾಮಿಕ್ಸ್, ತಿಂಡಿ ಬ್ರ್ಯಾಂಡು, ಕುಸ್ತಿಪಟುಗಳ ಹೆಸರು ದಂಡಿಯಾಗಿ ಬರ್ತವೆ. ಅವು ಗೊತ್ತಾಗಲಿಲ್ಲ ಅಂತ ಕೊರಗೋದು ಬೇಡ, ಅಲ್ಲಿನ ಈಗಿನ ಹುಡುಗರಿಗೂ ಗೊತ್ತಾಗಲ್ಲ.

ಚುರುಮುರಿ:
ಬಾಯಿ ವಾಸನೆ ಮೇಲೆ ಒಂದು ಇಡೀ ಹಾಡು ಇದೆ, ಅದಕ್ಕೆ ಟಿಪ್ಪಣಿ ಬೇಡ

ಸೂಜಿಮುಳ್ಳು:
ಆಪರೇಷನ್ ಲೈಫ್‌ಸೇವರ್, 13ನೇದು. ಪಾರ್ಟಿಯಲ್ಲಿ ಚಂದದ ಹುಡುಗಿ, ಹತ್ತಿರ ಹೋದರೆ ಬಾಯಿ ವಾಸನೆ, ಪೆಪ್ಪರ್‌ಮಿಂಟ್ ಕೊಡೋದೇ ಜೀವ ಉಳಿಸೋ ಕಾರ್ಯಾಚರಣೆ. ಅದಕ್ಕಿಂತ ಮಜಾ 17ನೇದು, ಫ್ಯಾನ್ಸಿ ಕ್ಲೌನ್. ಅದರಲ್ಲಿ ಹಾಡೋದು ವಿಕ್ಟರ್ ವಾನ್ ಅಂತ ಹಾಕಿದ್ದಾರೆ. ವಿಕ್ಟರ್ ವಾನ್ ಅಂದರೂ ಡೂಮೇ. ತನ್ನ ಹುಡುಗಿ ಇನ್ನೊಬ್ಬನ ಜೊತೆ ಸುತ್ತುತ್ತಿದ್ದಾಳೆ ಅಂತ ಬೈತಾನೆ, ಆ ಇನ್ನೊಬ್ಬ ಯಾರು ಅಂದ್ರೆ ಲೋಹದ ಮುಖವಾಡದ ಡೂಮ್! ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಡೋ ಹಾಡು. ಇದು ಗೊತ್ತಿಲ್ಲದೆ ಕೇಳಿದರೆ ಮಾಮೂಲಿ ಜಗಳ ಅನ್ನಿಸುತ್ತೆ. 4ನೇದು ಬಿಸ್ಟ್ರೊ ಕೂಡ ಹಾಗೇ, ಹೋಟೆಲ್ ಮಾಲೀಕನ ಥರ ಇವತ್ತಿನ ಕಲಾವಿದರು ಇಂಥಿಂಥವರು ಅಂತ ಸ್ವಾಗತ ಹೇಳ್ತಾನೆ. ಪಟ್ಟಿಯಲ್ಲಿರೋ ಅಷ್ಟೂ ಹೆಸರು ಇವರಿಬ್ಬರದ್ದೇ.

ಬೇಸತ್ತವ:
ಅಂದ್ರೆ ನಾಲ್ಕು ಹೆಸರಿಟ್ಟುಕೊಂಡು ಒಬ್ಬನೇ ಹಾಡಿದರೆ ಪ್ರತಿಭೆ. ಹಾಗೆ ನೋಡಿದರೆ 22ರಲ್ಲಿ ಏಳು ಹಾಡಿನಲ್ಲಿ ಡೂಮ್ ರ್ಯಾಪೇ ಇಲ್ಲ. ಶ್ಯಾಡೋಸ್ ಆಫ್ ಟುಮಾರೊ, ಹಾರ್ಡ್‌ಕೋರ್ ಹಸಲ್, ಐ, ಮೂರು ಬರೀ ವಾದ್ಯದ್ದು, ಮೊದಲನೇದು ಸಿನಿಮಾ ಮಾತು. ಅಮೆರಿಕದ ಆಲ್ಬಂ ಪಟ್ಟಿ ಬಿಲ್‌ಬೋರ್ಡ್ 200ರಲ್ಲಿ 179ನೇ ಸ್ಥಾನದ ಮೇಲಕ್ಕೆ ಹೋಗಲಿಲ್ಲ. ಜನ ಸುಮ್ಮನೆ ಕೈಬಿಟ್ಟಿರಲಿಲ್ಲ.

ಎಂಟುಪ್ಯಾಡ್:
ಆ ಏಳನ್ನ ತೆಗೆದು ಪ್ಲೇಲಿಸ್ಟ್ ಮಾಡಿ ನೋಡಿ, ಉಸಿರುಗಟ್ಟುತ್ತೆ. ಡೂಮ್ ಪದಗಳ ಒತ್ತಡ ಅಷ್ಟಿರುತ್ತೆ. ಬರೀ ವಾದ್ಯದ ಸಿಕ್‌ಫಿಟ್ ಬರೋದು ಅಮೆರಿಕಾಸ್ ಮೋಸ್ಟ್ ಬ್ಲಂಟೆಡ್ ಅನ್ನೋ ಸುಮಾರು ನಾಲ್ಕು ನಿಮಿಷದ ಹಾಡಾದ ಮೇಲೆ, ಕಿವಿಗೆ ಬಿಡುವು ಕೊಡೋಕೆ.

ಇನ್ನು ಗೋಜಲಿನ ಇನ್ನರ್ಧ ಕಾರಣ ಯಂತ್ರದ್ದು. ಬೀಟುಗಳಲ್ಲಿ ಕೆಲವನ್ನ ಮ್ಯಾಡ್‌ಲಿಬ್ ಮಾಡಿದ್ದು ಬ್ರೆಜಿಲ್‌ನಲ್ಲಿ, 2002ರಲ್ಲಿ, ಸಾವೊ ಪಾಲೊದ ಹೋಟೆಲ್ ಕೋಣೆಯಲ್ಲಿ. ಕೈಯಲ್ಲಿದ್ದದ್ದು ಒಂದು ಪೋರ್ಟಬಲ್ ಟರ್ನ್‌ಟೇಬಲ್, ಒಂದು ಕ್ಯಾಸೆಟ್ ಡೆಕ್, ಬಾಸ್ ಕಂಪನಿಯ ಎಸ್‌ಪಿ-303 ಸ್ಯಾಂಪ್ಲರ್ (ಹಾಡಿನ ತುಣುಕು ತುಂಬಿಸಿ ಪ್ಯಾಡ್ ಒತ್ತಿ ಬಾರಿಸೋ ಯಂತ್ರ). ಎಂಟೇ ಪ್ಯಾಡು. ರೇಡ್, ಸ್ಟ್ರೇಂಜ್ ವೇಸ್, ರೈನ್‌ಸ್ಟೋನ್ ಕೌಬಾಯ್ ಮೂರೂ ಅಲ್ಲಿನವು. ಆ ಡಬ್ಬಿಯಲ್ಲಿ ವಿನೈಲ್ ಸಿಮ್ ಅಂತ ಒಂದು ಎಫೆಕ್ಟ್ ಇದೆ, ಅದರ ಕಂಪ್ರೆಷನ್ ತಿರುಗಿಸಿದರೆ ಕಿಕ್ (ದಪ್ಪ ಡ್ರಮ್ ಪೆಟ್ಟು) ಬಿದ್ದಾಗ ಉಳಿದದ್ದೆಲ್ಲ ತಗ್ಗಿ, ಕಿಕ್ ಹೋದ ಮೇಲೆ ಉಬ್ಬುತ್ತೆ. ಬೀಟು ಹಿಂದಕ್ಕೂ ಮುಂದಕ್ಕೂ ತೂಗಿದ ಹಾಗೆ ಕೇಳೋದು ಅದಕ್ಕೇ.

ಮೂಲ ತುಣುಕುಗಳ ಆಯ್ಕೆ ನೋಡಿ. ಮೀಟ್ ಗ್ರೈಂಡರ್ ಶುರುವಾಗೋದು ಫ್ರ್ಯಾಂಕ್ ಜಪ್ಪಾ ತಂಡದಿಂದ, ತಕ್ಷಣ ಹವಾಯಿಯನ್ ಸ್ಟೀಲ್ ಗಿಟಾರ್. ರೇಡ್‌ನ ಬಾಯಲ್ಲಿ ಬಿಲ್ ಎವಾನ್ಸ್ ಪಿಯಾನೊ, ಒಳಗೆ ಬ್ರೆಜಿಲ್ ರೆಕಾರ್ಡ್. ಸ್ಟ್ರೇಂಜ್ ವೇಸ್‌ಗೆ ಜೆಂಟಲ್ ಜೈಂಟ್ ಅನ್ನೋ ಬ್ರಿಟಿಷ್ ರಾಕ್ ತಂಡ. ಶ್ಯಾಡೋಸ್ ಆಫ್ ಟುಮಾರೊದಲ್ಲಿ ಜಾಝ್ ಸಂಗೀತಗಾರ ಸನ್ ರಾ ಮಾತಿನ ಜೊತೆ ನಮ್ಮ ಆರ್.ಡಿ. ಬರ್ಮನ್.

ಕುಡ್ಲ_ಕಾಫಿ:
ಪಂಚಮ್ ದಾ ಇದ್ದಾರೆ ಅಂತ ಗೊತ್ತಾದ ಮೇಲೆ ಈ ಆಲ್ಬಮ್ಮಿಗೆ ಮರ್ಯಾದೆ ಜಾಸ್ತಿ ಆಯಿತು ನೋಡಿ. ಮ್ಯಾಡ್‌ಲಿಬ್ ಆಮೇಲೆ 2007ರಲ್ಲಿ ಬೀಟ್ ಕಂಡಕ್ಟ ಸರಣಿಯಲ್ಲಿ ಇಂಡಿಯಾ ಅಂತಲೇ ಒಂದು ಇಡೀ ಆಲ್ಬಂ ಮಾಡಿದ್ದಾನಲ್ಲ, ಹಿಂದಿ ಸಿನಿಮಾ ರೆಕಾರ್ಡುಗಳನ್ನೇ ಕತ್ತರಿಸಿ. ಅದು ಕೇಳಿ, ರ್ಯಾಪ್ ಇಲ್ಲ, ಗೋಜಲೂ ಕಮ್ಮಿ ಉಂಟು.

ಚುರುಮುರಿ:
ಕೀರಲು ದನಿ ಯಾರದ್ದು? ಮಗುನಾ?

ಎಂಟುಪ್ಯಾಡ್:
ಕ್ವಾಸಿಮೊಟೊ. ಅದೂ ಮ್ಯಾಡ್‌ಲಿಬ್ಬೇ. ಬೀಟನ್ನ ನಿಧಾನ ಮಾಡಿ, ಅದರ ಮೇಲೆ ನಿಧಾನವಾಗಿ ರ್ಯಾಪ್ ಮಾಡಿ ರೆಕಾರ್ಡ್ ಮಾಡೋದು, ಆಮೇಲೆ ದನಿಯ ಟೇಪನ್ನ ಮಾಮೂಲಿ ವೇಗಕ್ಕೆ ತರೋದು. ದನಿ ಮೇಲಕ್ಕೆ ಏರುತ್ತೆ, ತಾಳ ಕೂಡ್ಕೊಳ್ಳುತ್ತೆ. ಲೆಕ್ಕ ಬೇಕಿದ್ದರೆ: ವೇಗ 1.25 ಪಟ್ಟು ಆದರೆ ಶ್ರುತಿ ಸುಮಾರು ನಾಲ್ಕು ಅರ್ಧಸ್ವರ ಮೇಲೆ. ಮಾಡಿ ನೋಡೋರು ಒಂದು ತಪ್ಪು ಮಾಡ್ತಾರೆ, ಮಾಮೂಲಿ ವೇಗದಲ್ಲಿ ಹಾಡಿ ಪಿಚ್ ಮಾತ್ರ ಏರಿಸ್ತಾರೆ. ಆಗ ಕಾರ್ಟೂನ್ ಅಳಿಲಿನ ದನಿ ಬರುತ್ತೆ. ನಿಧಾನವಾಗಿ ಹಾಡಿದಾಗ ಎಳೆದ ಸ್ವರಗಳು ವೇಗ ಏರಿದ ಮೇಲೂ ಸೋಮಾರಿಯಾಗೇ ಉಳೀತವೆ. ಗುಟ್ಟು ಅಲ್ಲಿದೆ.

ಬೇಸತ್ತವ:
ನಿಜವಾದ ಗೋಜಲು ಬೇಕಾದ್ರೆ ರ್ಯಾಪರ್ ಓಲ್ ಡರ್ಟಿ ಬಾಸ್ಟರ್ಡ್‌ನ 1995ರ ಆಲ್ಬಂ ಕೇಳಿ. ಅಲ್ಲಿ ಆಸಾಮಿ ಗಂಟಲು ಮುಕ್ಕಳಿಸಿದ ಹಾಗೆ ಹಾಡ್ತಾನೆ, ಒಂದೇ ಚರಣ ಎರಡು ಸಲ ಹೇಳ್ತಾನೆ. ಅದು ಹುಚ್ಚು. ಇದು ಲೆಕ್ಕಾಚಾರ.

ಲಯಭಂಗ:
ಬೇಸತ್ತವರೇ, ಕಡೆಗೂ ನಮ್ಮ ದಾರಿಗೇ ಬಂದ್ರಿ. ಲೆಕ್ಕಾಚಾರ ಅಂತಲೇ ನಾವೂ ಹೇಳ್ತಿರೋದು.

ಹುಬ್ಬಳ್ಳಿ_ಬೀಟ್:
ಆ ಮುಖವಾಡದ ಕತಿ ಯಾರರ ಹೇಳ್ರಿ ಇವರಿಗೆ. ಅದು ಗೊತ್ತಿದ್ರ ಆಲ್ಬಂ ಬ್ಯಾರೆ ಥರಾ ಕೇಳಸ್ತದ.

ಸೂಜಿಮುಳ್ಳು:
ಚುಟುಕಾಗಿ: ಡೇನಿಯಲ್ ಡುಮಿಲೆ, ಲಂಡನ್‌ನಲ್ಲಿ ಹುಟ್ಟು, ನ್ಯೂಯಾರ್ಕ್ ಕಡೆ ಬೆಳವಣಿಗೆ. ಮೊದಲು ಕೆಎಂಡಿ ಅನ್ನೋ ತಂಡದಲ್ಲಿ ತಮ್ಮನ ಜೊತೆ ಇದ್ದ. 1993ರಲ್ಲಿ ತಮ್ಮ ರಸ್ತೆ ಅಪಘಾತದಲ್ಲಿ ಹೋದ. ಮುಂದಿನ ವರ್ಷ ರೆಕಾರ್ಡ್ ಕಂಪನಿ ಅವರ ಎರಡನೇ ಆಲ್ಬಮ್ಮನ್ನ ಮುಖಪುಟದ ಚಿತ್ರದ ಕಾರಣಕ್ಕೆ ಹೊರಗೆ ತರದೆ ಕೈಬಿಟ್ಟಿತು. ಕೆಲವು ವರ್ಷ ಪತ್ತೆ ಇಲ್ಲ. ಆಮೇಲೆ ಮ್ಯಾನ್‌ಹಟನ್‌ನ ಕವಿಗೋಷ್ಠಿ ನಡೆಯೋ ಒಂದು ಕೆಫೆಯಲ್ಲಿ ಮುಖಕ್ಕೆ ಸ್ಟಾಕಿಂಗ್ (ತೆಳು ಕಾಲುಚೀಲ) ಎಳ್ಕೊಂಡು ರ್ಯಾಪ್ ಮಾಡೋಕೆ ಶುರು ಮಾಡಿದ, ಲೋಹದ ಮುಖವಾಡ ಆಮೇಲಿನದು. ಮಾರ್ವೆಲ್ ಕಾಮಿಕ್ಸಿನ ಡಾಕ್ಟರ್ ಡೂಮ್ ವೇಷ. 1999ರಲ್ಲಿ ಆಪರೇಷನ್ ಡೂಮ್ಸ್‌ಡೇ. ಇವನು ಖಳನಾಯಕ, ಲೋಕದ ಮೇಲೆ ಸೇಡು ತೀರಿಸಿಕೊಳ್ಳೋಕೆ ಬಂದವನು, ಹೀಗಾಗಿ ತನ್ನ ಬಗ್ಗೆ 'ಅವನು' ಅಂತ ಮಾತಾಡ್ತಾನೆ. ಹಾಡು ಕೇಳುವಾಗ 'ಅವನು ಯಾರು' ಅಂತ ಗೊಂದಲ ಆದರೆ ಉತ್ತರ ಇದು.

2020ರ ಅಕ್ಟೋಬರ್ 31ಕ್ಕೆ ತೀರಿಕೊಂಡ. ಸುದ್ದಿ ಹೊರಬಂದದ್ದು ಡಿಸೆಂಬರ್ 31ಕ್ಕೆ.

ಚುರುಮುರಿ:
ಸ್ಟೇಜ್ ಮೇಲೆ ತನ್ನ ಬದಲು ಬೇರೆಯವರಿಗೆ ಮುಖವಾಡ ಹಾಕಿ ಕಳಿಸ್ತಿದ್ನಲ್ಲ, ಅದನ್ನೂ ಹೇಳಿ. ಟಿಕೆಟ್ ತಗೊಂಡೋರ ಕತೆ ಏನಾಗಬೇಡ

ಬೇಸತ್ತವ:
ಅದಕ್ಕೂ ಇಲ್ಲಿ ಒಬ್ಬರು 'ಕಲೆ' ಅಂತ ಬರ್ತಾರೆ ನೋಡ್ತಿರಿ.

ಪ್ರಾಸಪ್ರಿಯೆ:
ನಾನಂತೂ ಬರಲ್ಲ. ದುಡ್ಡು ಕೊಟ್ಟೋರಿಗೆ ಅದು ಮೋಸವೇ. ಇನ್ನೊಂದು ವಿಷಯ, ಅವನ ಹೆಸರು ದೊಡ್ಡಕ್ಷರದಲ್ಲೇ ಬರೀಬೇಕು ಅಂತ ಆಲ್ ಕ್ಯಾಪ್ಸ್ ಹಾಡಿನಲ್ಲಿ ಅಪ್ಪಣೆ ಕೊಡಿಸ್ತಾನೆ. ಕನ್ನಡದವರಿಗೆ ಆ ರಗಳೆ ಇಲ್ಲ.

ತಿರುಗುಮಣೆ:
ಯೂಟ್ಯೂಬಿನಲ್ಲಿ ಇದೇ ಹಾಡುಗಳ ಬೇರೆ ರೂಪ ಸಿಗ್ತಿದೆ, ದನಿ ಜಾಸ್ತಿ ಜೋರು, ಉತ್ಸಾಹದ್ದು. ಯಾವುದು ಅಸಲಿ?

ಎಂಟುಪ್ಯಾಡ್:
ಎರಡೂ ಅಸಲಿ. ಬ್ರೆಜಿಲ್ ಪ್ರಯಾಣದ ಹೊತ್ತಿಗೆ ಆಲ್ಬಮ್ಮಿನ ಅರೆಬರೆ ರೂಪ ಇಂಟರ್ನೆಟ್ಟಿಗೆ ಸೋರಿಹೋಯ್ತು, ಬಿಡುಗಡೆಗೆ ವರ್ಷದ ಮೇಲೆ ಇದ್ದಾಗಲೇ. ಇಬ್ಬರೂ ಬೇಸರಪಟ್ಟು ಬೇರೆ ಬೇರೆ ಕೆಲಸಕ್ಕೆ ಹೋದರು. ಮ್ಯಾಡ್‌ಲಿಬ್ ಇನ್ನೊಬ್ಬ ಬೀಟುಗಾರ ಜೆ ಡಿಲಾ ಜೊತೆ, ಡೂಮ್ ಕಿಂಗ್ ಗೀಡೋರಾ ಮತ್ತು ವಿಕ್ಟರ್ ವಾನ್ ಹೆಸರಲ್ಲಿ. ವಾಪಸ್ ಬಂದು ಮುಗಿಸುವಾಗ ಡೂಮ್ ಹಲವು ಹಾಡುಗಳ ದನಿಯನ್ನ ಮತ್ತೆ ರೆಕಾರ್ಡ್ ಮಾಡಿದ, ಈ ಸಲ ತಗ್ಗಿಸಿ, ಸೋಮಾರಿಯಾಗಿ. ಕೊನೆ ಹಾಡು ರೈನ್‌ಸ್ಟೋನ್ ಕೌಬಾಯ್‌ನಲ್ಲಿ ಸೋರಿಕೆ ಬಗ್ಗೆ ಅವನೇ ಕುಟುಕ್ತಾನೆ. ಆ ಸೋರಿದ ಡೆಮೊ 2008ರಲ್ಲಿ ಬಾಕ್ಸ್ ಸೆಟ್ ಜೊತೆ ಅಧಿಕೃತವಾಗೇ ಬಂತು.

ಗೊಂದಲ ಬಿಡಿಸೋಕೆ ಇದು ಒಳ್ಳೇ ಸಾಧನ. ಒಂದೇ ಹಾಡಿನ ಎರಡು ರೂಪವನ್ನ ಒಂದರ ಹಿಂದೆ ಒಂದು ಹಾಕಿ. ಡೆಮೊದಲ್ಲಿ ಪದ ಬೇಗ ಹಿಡಿಯುತ್ತೆ, ಯಾಕಂದ್ರೆ ಅಲ್ಲಿ ದನಿ ಬೀಟಿನ ಮೇಲೆ ನಿಂತಿದೆ. ಆಲ್ಬಮ್ಮಿನಲ್ಲಿ ಬೀಟಿನ ಒಳಗೆ ಕೂತಿದೆ.

ಕುಡ್ಲ_ಕಾಫಿ:
ಎಂಟುಪ್ಯಾಡ್ ಅವರೇ, ವಿಷಯ ಬಿಟ್ಟು ಒಂದು ಪ್ರಶ್ನೆ. ಜಿ.ಕೆ. ವೆಂಕಟೇಶ್ ಅವರ ಜೇಡರ ಬಲೆ ಸಂಗೀತ ಇದೇ ಥರ ಕತ್ತರಿಸಿದರೆ ಹೇಗಿರ್ತದೆ? ಆ ಹಿತ್ತಾಳೆ ವಾದ್ಯ, ಬಾಂಗೋ ಎಲ್ಲ ಮ್ಯಾಡ್‌ಲಿಬ್‌ಗೆ ಹೇಳಿ ಮಾಡಿಸಿದ ಹಾಗೆ ಉಂಟು.

ಎಂಟುಪ್ಯಾಡ್:
ಭರ್ಜರಿಯಾಗಿರುತ್ತೆ. ಹಳೇ ಸ್ಯಾಂಪ್ಲರ್ ಇದ್ದರೆ ಎಲ್‌ಪಿಯನ್ನ ನಿಮಿಷಕ್ಕೆ 33 ಸುತ್ತಿನ ಬದಲು 45ರ ವೇಗದಲ್ಲಿ ಓಡಿಸಿ ತುಂಬಿಸಿ, ಆಮೇಲೆ ಸ್ಯಾಂಪ್ಲರಿನಲ್ಲಿ ಐದು ಅರ್ಧಸ್ವರ ಚಿಲ್ಲರೆ ಇಳಿಸಿ. ಮೆಮೊರಿಯಲ್ಲಿ ಕಾಲು ಭಾಗ ಉಳಿತಾಯ, ಇಳಿಸುವಾಗ ಬರೋ ಒರಟುತನ ಉಚಿತ. 303 ಈಗ ತಯಾರಾಗಲ್ಲ, ಸೆಕೆಂಡ್‌ಹ್ಯಾಂಡ್ ಬೆಲೆ ಕೇಳಿದರೆ ತಲೆ ತಿರುಗುತ್ತೆ. ಎಸ್‌ಪಿ-404 ಎಂಕೆ2ನಲ್ಲಿ ಅದೇ 303ರ ವಿನೈಲ್ ಸಿಮ್ ಇಟ್ಟಿದ್ದಾರೆ. ಫೋನಿನಲ್ಲೇ ಸಾಕು ಅಂದ್ರೆ ಕೊಆಲಾ ಆ್ಯಪ್. ಹಳೇ ಸಿನಿಮಾ ರೆಕಾರ್ಡುಗಳು ಮೋನೊ, ಎಡ-ಬಲ ಬೇರೆ ಮಾಡಿ ಹಾಡುಗಾರರ ದನಿ ತೆಗೀತೀನಿ ಅಂತ ಹೊರಡಬೇಡಿ, ಆಗಲ್ಲ. ದನಿ ಇಲ್ಲದ ಜಾಗಕ್ಕೆ ಕಾಯೋದು ಸುಲಭ.

ಸೂಜಿಮುಳ್ಳು:
ಮನೆಯಲ್ಲಿ ಆಡಿಕೊಳ್ಳೋಕೆ ಓಕೆ. ಹಾಕಿ ದುಡ್ಡು ಮಾಡೋದಾದ್ರೆ ಎರಡು ಅನುಮತಿ ಬೇಕು, ಧ್ವನಿಮುದ್ರಣದ್ದು ಒಂದು, ಸಂಯೋಜನೆಯದ್ದು ಒಂದು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1968ರ ರೆಕಾರ್ಡ್ ಅಂದ್ರೆ 2028ರ ಕೊನೆವರೆಗೆ. ಸಂಯೋಜನೆಯ ಹಕ್ಕು ಸಂಯೋಜಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. 'ಬರೀ ಎರಡು ಸೆಕೆಂಡ್ ತಗೊಂಡೆ' ಅಂದ್ರೆ ನಡೆಯುತ್ತೆ ಅನ್ನೋ ನಂಬಿಕೆ ಎಲ್ಲಿಂದ ಬಂತೋ, ಅಂಥ ನಿಯಮ ಎಲ್ಲೂ ಇಲ್ಲ.

ತಿರುಗುಮಣೆ:
ಆಲ್ ಕ್ಯಾಪ್ಸ್, ಫಿಗರೊ ಆಯ್ತು. 2-4 ತಟ್ಟಿಕೊಂಡು ಕೇಳಿದರೆ ಪ್ರಾಸ ಸಿಗ್ತಿದೆ. ಆದರೆ ರೇನ್‌ಬೋಸ್? ಅದರಲ್ಲಿ ತಟ್ಟೋದಕ್ಕೂ ಏನೂ ಸಿಗ್ತಿಲ್ಲ.

ಲಯಭಂಗ:
ರೇನ್‌ಬೋಸ್ ತಟ್ಟೋ ಹಾಡಲ್ಲ, ಅವನು ಅಲ್ಲಿ ಅರ್ಧ ಗುನುಗ್ತಾನೆ, ಅರ್ಧ ಮಾತಾಡ್ತಾನೆ. ಅದನ್ನ ಸದ್ಯಕ್ಕೆ ಬಿಟ್ಟು ನೇರ ಕರ್ಲ್ಸ್‌ಗೆ ಹೋಗಿ, ಅದಾದ ಮೇಲೆ ಮನಿ ಫೋಲ್ಡರ್.

ಬೇಸತ್ತವ:
ಮನಿ ಫೋಲ್ಡರ್ ಚೆನ್ನಾಗಿದೆ. ಅದೊಂದನ್ನ ಒಪ್ತೀನಿ.